ಗೆದ್ದ ದೇಶವೂ ಸೋತ ದಿನವನ್ನೇ ಆಚರಿಸುವುದೇಕೆ?

ಮೇ 21 ಚಿಲಿ ದೇಶದಲ್ಲಿ ಸಾರ್ವಜನಿಕ ರಜೆ. ನೌಕಾಪಡೆಯ ಕೀರ್ತಿಯ ದಿನ ಅಂತ ಅದಕ್ಕೆ ಹೆಸರು. ವಾಲ್ಪರೈಸೊ ಬಂದರಿನಲ್ಲಿ ಕವಾಯತು ಇರುತ್ತದೆ. ಶಾಲೆ ಮಕ್ಕಳು ಬ್ಯಾಂಡ್ ಬಾರಿಸುತ್ತಾ ಬೀದಿಯಲ್ಲಿ ಸಾಲಾಗಿ ಹೋಗುತ್ತಾರೆ. ಉತ್ತರದ ಇಕೀಕೆ ಊರಿನಲ್ಲಿ ದೋಣಿಗಳು ಕೊಲ್ಲಿಯೊಳಗೆ ಹೋಗಿ ಒಂದು ಬೋಯಾದ (ನೀರಿನ ಮೇಲೆ ತೇಲುವ ಗುರುತು) ಸುತ್ತ ನೀರಿಗೆ ಹೂ ಬಿಡುತ್ತವೆ. ಆ ಬೋಯಾದ ಕೆಳಗೆ, ಸಮುದ್ರದ ತಳದಲ್ಲಿ, ಎಸ್ಮೆರಾಲ್ಡಾ ಅನ್ನುವ ಹಡಗು ಬಿದ್ದಿದೆ. ಅದು ಚಿಲಿಯದೇ ಹಡಗು. 1879ರಲ್ಲಿ ಇದೇ ದಿನ, ಚಿಲಿ ಒಂದು ಕಡೆ, ಪೆರು ಮತ್ತು ಬೊಲಿವಿಯಾ ಇನ್ನೊಂದು ಕಡೆ ನಿಂತ ಯುದ್ಧದಲ್ಲಿ, ಪೆರು ದೇಶದ ಹಡಗು ಅದನ್ನು ಗುದ್ದಿ ಮುಳುಗಿಸಿತು.

ಇನ್ನು ಪೆರುವಿಗೆ ಬನ್ನಿ. ಅಲ್ಲಿ ಅಕ್ಟೋಬರ್ 8 ರಾಷ್ಟ್ರೀಯ ರಜೆ. ಅದೂ ಅದೇ ವರ್ಷದ, ಅದೇ ಯುದ್ಧದ ಒಂದು ಸಮುದ್ರ ಕಾಳಗದ ನೆನಪಿಗೆ. ಅಂಗಾಮೋಸ್ ಎಂಬಲ್ಲಿ ಚಿಲಿ ಗೆದ್ದಿತು, ಪೆರುವಿನ ಅತಿ ದೊಡ್ಡ ವೀರ ಸತ್ತ, ಅವನ ಹಡಗು ಶತ್ರುವಿನ ಕೈ ಸೇರಿತು. ಆ ಯುದ್ಧದ ಮೂರನೇ ದೇಶ ಬೊಲಿವಿಯಾ. ಅದು ಮಾರ್ಚ್ 23ರಂದು ಸಮುದ್ರ ದಿನ ಆಚರಿಸುತ್ತದೆ. ಅದಕ್ಕೆ ಈಗ ಸಮುದ್ರವೇ ಇಲ್ಲ. ಮಾರ್ಚ್ 23 ಅದು ಕಲಾಮಾ ಊರನ್ನು ಕಳೆದುಕೊಂಡ ದಿನ.

ಸೋತ ಎರಡು ದೇಶಗಳು ಸೋಲನ್ನು ನೆನೆಯುವುದು ಅರ್ಥವಾಗುತ್ತದೆ. ಗೆದ್ದ ಚಿಲಿಗೇನಾಗಿದೆ? ಅದರ ಸೇನೆ 1881ರ ಜನವರಿಯಲ್ಲಿ ಪೆರುವಿನ ರಾಜಧಾನಿ ಲೀಮಾಕ್ಕೇ ನುಗ್ಗಿತ್ತು. ಆ ದಿನವನ್ನೇ ಹಬ್ಬ ಮಾಡಬಹುದಿತ್ತು. ಮಾಡಲಿಲ್ಲ. ಈ ಮೂರು ದೇಶಗಳ ಇವತ್ತಿನ ಜಗಳಗಳನ್ನು ನೋಡುವವರು ಈ ಕ್ಯಾಲೆಂಡರನ್ನೂ ಒಮ್ಮೆ ನೋಡಬೇಕು ಅನ್ನುವುದು ನನ್ನ ವಾದ.

ಮೊದಲು ಮೇ 21ರ ಕಥೆ. ಆಗ ಇಕೀಕೆ ಪೆರುವಿನ ಬಂದರು. ಚಿಲಿ ಅದಕ್ಕೆ ಸಮುದ್ರದ ಕಡೆಯಿಂದ ದಿಗ್ಬಂಧನ ಹಾಕಿತ್ತು. ಚಿಲಿಯ ನೌಕಾಪಡೆಯ ಮುಖ್ಯಸ್ಥ ವಿಲಿಯಮ್ಸ್ ರೆಬೊಲ್ಯೆದೊ ಒಳ್ಳೊಳ್ಳೆ ಹಡಗುಗಳನ್ನೆಲ್ಲ ಕರೆದುಕೊಂಡು ಪೆರುವಿನ ಹಡಗುಗಳನ್ನು ಕಯ್ಯಾವೊ ಬಂದರಿನಲ್ಲೇ ಹೊಡೆಯುತ್ತೇನೆ ಅಂತ ಹೊರಟ. ಇಕೀಕೆಯಲ್ಲಿ ಕಾವಲಿಗೆ ಬಿಟ್ಟಿದ್ದು ಎರಡು ಹಳೇ ಮರದ ಹಡಗು. ಒಂದು 1855ರ ಎಸ್ಮೆರಾಲ್ಡಾ, ಇನ್ನೊಂದು ಸ್ಪೇನ್‌ನಿಂದ ಹಿಂದೊಮ್ಮೆ ಹಿಡಿದುಕೊಂಡಿದ್ದ ಕೊವಾದೊಂಗಾ. ವಿಲಿಯಮ್ಸ್ ಕಯ್ಯಾವೊ ತಲುಪುವ ಹೊತ್ತಿಗೆ ಪೆರುವಿನ ಎರಡು ಕಬ್ಬಿಣದ ಕವಚದ ಹಡಗುಗಳು ಅಲ್ಲಿರಲಿಲ್ಲ. ಹುವಾಸ್ಕರ್ ಮತ್ತು ಇಂಡಿಪೆಂಡೆನ್ಸಿಯಾ ಅವನಿಗೆ ಕಾಣದಂತೆ ದಕ್ಷಿಣಕ್ಕೆ ಬಂದು ಬೆಳಗ್ಗೆಯೇ ಇಕೀಕೆಯ ಮುಂದೆ ನಿಂತಿದ್ದವು.

ಎಸ್ಮೆರಾಲ್ಡಾದ ಕಪ್ತಾನ ಆರ್ತುರೊ ಪ್ರಾತ್. ವಯಸ್ಸು 31. ಹಡಗಿನಲ್ಲಿ ಇದ್ದುಕೊಂಡೇ ಕಾನೂನು ಓದಿ 1876ರಲ್ಲಿ ವಕೀಲನಾದ ಮನುಷ್ಯ. ಯುದ್ಧಕ್ಕೆ ಸ್ವಲ್ಪ ಮೊದಲು ಸರಕಾರ ಅವನನ್ನು ಗುಪ್ತಚರನಾಗಿ ಮೊಂತೆವಿದೆಯೊಗೆ ಕಳಿಸಿತ್ತು. ಕಾಗದಪತ್ರ ನೋಡಿಕೊಳ್ಳುವ ಓದುಬರಹದ ಅಧಿಕಾರಿ ಅಂತ ಅವನಿಗೆ ಹೆಸರಿತ್ತೇ ಹೊರತು ಶೂರ ಅಂತ ಅಲ್ಲ. ಒಳ್ಳೆಯ ಹಡಗು ಅವನ ಪಾಲಿಗೆ ಬಾರದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಅವನು ದಡ್ಡನಲ್ಲ. ಹಡಗನ್ನು ದಡಕ್ಕೆ ತೀರಾ ಹತ್ತಿರ ನಿಲ್ಲಿಸಿದ. ಹುವಾಸ್ಕರ್ ಹೊಡೆದ ಗುಂಡು ಗುರಿ ತಪ್ಪಿದರೆ ಪೆರುವಿನದೇ ಊರಿನ ಮೇಲೆ ಬೀಳಬೇಕು, ಹಾಗೆ. ಅತ್ತ ಎಸ್ಮೆರಾಲ್ಡಾದ ಒಂದು ಬಾಯ್ಲರ್ ಅದೇ ಬೆಳಗ್ಗೆ ಕೈಕೊಟ್ಟಿತು. ಓಡುವ ಮಾತೇ ಇರಲಿಲ್ಲ. ಎಸ್ಮೆರಾಲ್ಡಾದ ಗುಂಡುಗಳು ಹುವಾಸ್ಕರ್‌ನ ಕವಚಕ್ಕೆ ತಾಗಿ ಹಾಗೇ ಚಿಮ್ಮಿ ಹೋಗುತ್ತಿದ್ದವು. ಹುವಾಸ್ಕರ್‌ನ ಗುಂಡುಗಳೋ, ದೊಡ್ಡವೇ, ಆದರೆ ಹೆಚ್ಚಿನವು ಗುರಿ ತಪ್ಪುತ್ತಿದ್ದವು. ಕೊನೆಗೆ ಪೆರುವಿನ ಸೈನಿಕರು ದಡಕ್ಕೆ ಫಿರಂಗಿ ತಂದು ಹೊಡೆಯಲು ಶುರು ಮಾಡಿದಾಗ ಎಸ್ಮೆರಾಲ್ಡಾ ಜಾಗ ಬಿಡಬೇಕಾಯಿತು. ಗುಂಡಿನಿಂದ ಮುಗಿಯಲ್ಲ ಎಂದು ಕಂಡ ಹುವಾಸ್ಕರ್ ಮೂತಿಯಿಂದ ಗುದ್ದಲು ಬಂತು. ಮೊದಲ ಗುದ್ದಿನಲ್ಲಿ ಎರಡು ಹಡಗೂ ತಾಗಿದ ಕ್ಷಣಕ್ಕೆ ಪ್ರಾತ್ ಕತ್ತಿ ಹಿಡಿದು ಶತ್ರುವಿನ ಹಡಗಿಗೆ ಹಾರಿದ. ಗದ್ದಲದಲ್ಲಿ ಅವನ ಆಜ್ಞೆ ಎಲ್ಲರಿಗೂ ಕೇಳಲಿಲ್ಲ. ಹಿಂದೆ ಹಾರಿದವರು ಬೆರಳೆಣಿಕೆಯಷ್ಟು ಜನ. ಹುವಾಸ್ಕರ್‌ನ ಡೆಕ್ ಮೇಲೆಯೇ ಅವನು ಸತ್ತ. ಎರಡನೇ ಗುದ್ದಿಗೆ ಲೆಫ್ಟಿನೆಂಟ್ ಇಗ್ನಾಸಿಯೊ ಸೆರಾನೊ ಕೆಲವರೊಂದಿಗೆ ಹಾರಿದ, ಅವನೂ ಉಳಿಯಲಿಲ್ಲ. ಮೂರನೇ ಗುದ್ದಿಗೆ ಎಸ್ಮೆರಾಲ್ಡಾ ಬಾವುಟ ಇಳಿಸದೆಯೇ ಮುಳುಗಿತು. ಆಗ ಮಧ್ಯಾಹ್ನ 12 ದಾಟಿತ್ತು. ಸುಮಾರು 200 ಜನರಲ್ಲಿ ಹೆಚ್ಚಿನವರು ಸತ್ತರು.

ಚಿಲಿಯ ಮಕ್ಕಳು ಶಾಲೆಯಲ್ಲಿ ಕಲಿಯುವ ಕಥೆ ಸಾಮಾನ್ಯವಾಗಿ ಇಲ್ಲಿಗೆ ಭಾವದ ತುದಿ ಮುಟ್ಟುತ್ತದೆ. ಅದೇ ದಿನ ಸ್ವಲ್ಪ ದೂರದಲ್ಲಿ ಇನ್ನೊಂದು ಘಟನೆ ನಡೆಯಿತು. ಲೆಕ್ಕ ಹಾಕಿದರೆ ಯುದ್ಧದ ದಿಕ್ಕು ಬದಲಿಸಿದ್ದು ಅದೇ. ಕಾರ್ಲೋಸ್ ಕೊಂಡೆಲ್ ತನ್ನ ಪುಟ್ಟ ಕೊವಾದೊಂಗಾವನ್ನು ದಡದ ಬಂಡೆಗಳ ಪಕ್ಕದಲ್ಲೇ ಓಡಿಸಿಕೊಂಡು ದಕ್ಷಿಣಕ್ಕೆ ಪರಾರಿಯಾದ. ದೊಡ್ಡ ಇಂಡಿಪೆಂಡೆನ್ಸಿಯಾ ಹಿಂದೆ ಬಿತ್ತು. ಪುಂತಾ ಗ್ರುಯೆಸಾ ಎಂಬಲ್ಲಿ ಅದು ನೀರಿನೊಳಗಿನ ಬಂಡೆಗೆ ಬಡಿದು ಕೂತೇಬಿಟ್ಟಿತು. ಪೆರುವಿಗೆ ನಂಬಿಕೆಯ ಹಡಗು ಅಂತ ಇದ್ದದ್ದೇ ಎರಡು. ಅದರಲ್ಲಿ ಒಂದು ಹೋಯಿತು. ಚಿಲಿ ಕಳೆದುಕೊಂಡಿದ್ದು ಒಂದು ಮುದಿ ಹಡಗು. ಅಂದರೆ ಆ ದಿನದ ಒಟ್ಟು ಲಾಭ ಚಿಲಿಗೇ.

ಹಾಗಾದರೆ ರಜೆಯ ದಿನದ ಮುಖ ಕೊಂಡೆಲ್ ಆಗಬೇಕಿತ್ತು, ಅಲ್ವಾ? ಅವನಿಗೂ ಪ್ರತಿಮೆಗಳಿವೆ, ಬೀದಿಗಳಿವೆ, ಅವನ ಹೆಸರಿನ ಯುದ್ಧನೌಕೆಯೂ ಇದೆ. ಆದರೆ 10,000 ಪೆಸೊ ನೋಟಿನ ಮೇಲೆ ಇರುವುದು ಪ್ರಾತ್. ಅಂಟಾರ್ಕ್ಟಿಕಾದಲ್ಲಿ 1947ರಲ್ಲಿ ಚಿಲಿ ತೆರೆದ ನೆಲೆಗೆ ಪ್ರಾತ್ ಹೆಸರು. ಚಿಲಿಯಲ್ಲಿ ಅವನ ಹೆಸರಿನ ಬೀದಿ ಇಲ್ಲದ ಪಟ್ಟಣ ಹುಡುಕುವುದು ಕಷ್ಟ, ನಮ್ಮಲ್ಲಿ ಗಾಂಧಿ ರಸ್ತೆ ಇದ್ದ ಹಾಗೆ. ಕೊಂಡೆಲ್ ಜಾಣತನದಿಂದ ಗೆದ್ದ. ಬಂಡೆಗೆ ಸಿಕ್ಕಿ ಬಿದ್ದ ಹಡಗಿನ ಮೇಲೆ ತಿರುಗಿ ಬಂದು ಗುಂಡು ಹೊಡೆದ. ನೀರಿನಲ್ಲಿದ್ದ ಜನರ ಮೇಲೂ ಹೊಡೆದ ಅನ್ನುವುದು ಪೆರುವಿನವರ ಆರೋಪ. ಇಂಥ ಗೆಲುವಿನ ಬಗ್ಗೆ ಪ್ರಶ್ನೆ ಕೇಳಬಹುದು, ಲೆಕ್ಕ ಕೇಳಬಹುದು. ಕತ್ತಿ ಹಿಡಿದು ಹಾರಿ ಸತ್ತವನ ಹತ್ತಿರ ಯಾರು ಏನು ಲೆಕ್ಕ ಕೇಳುತ್ತಾರೆ?

ಇದು ಸರಕಾರಕ್ಕೆ ಬೇಗ ತಿಳಿಯಿತು. ಯುದ್ಧದ ಮೊದಲ ವಾರಗಳಲ್ಲಿ ಚಿಲಿಯ ನೌಕಾಪಡೆ ಏನೂ ಸಾಧಿಸಿರಲಿಲ್ಲ, ಪತ್ರಿಕೆಗಳು ಬೈಯುತ್ತಿದ್ದವು. ಇಕೀಕೆಯ ಸುದ್ದಿ ರಾಜಧಾನಿ ಮುಟ್ಟಿದ ಮೇಲೆ ಸೇನೆ ಸೇರಲು ಜನ ಸಾಲುಗಟ್ಟಿದರು. ನಿನ್ನೆಯವರೆಗೆ ಹೆಚ್ಚಿನವರು ಹೆಸರೇ ಕೇಳಿರದ ಅಧಿಕಾರಿ ಇದ್ದಕ್ಕಿದ್ದಂತೆ ಮನೆಮಾತಾದ. 1886ರಲ್ಲಿ ವಾಲ್ಪರೈಸೊದ ಸೊತೊಮಾಯೊರ್ ಚೌಕದಲ್ಲಿ ದೊಡ್ಡ ಸ್ಮಾರಕ ಎದ್ದಿತು. ಪ್ರಾತ್‌ನ ಅಸ್ಥಿ ಈಗ ಇರುವುದು ಅದರ ನೆಲಮಾಳಿಗೆಯಲ್ಲಿ.

ಭಾರತದ ನೌಕಾಪಡೆ ತೆಗೆದುಕೊಂಡ ದಾರಿ ಬೇರೆ. ಡಿಸೆಂಬರ್ 4ರ ನೌಕಾಪಡೆ ದಿನ 1971ರಲ್ಲಿ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ಮಾಡಿದ ದಾಳಿಯ ನೆನಪು, ಅಂದರೆ ಅಚ್ಚ ಗೆಲುವಿನ ನೆನಪು. ಅದೇ ಯುದ್ಧದಲ್ಲಿ ಡಿಸೆಂಬರ್ 9ರಂದು ಐಎನ್‌ಎಸ್ ಖುಕ್ರಿ ಮುಳುಗಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗಿನ ಜೊತೆಗೇ ಹೋದರು. ಅವರ ಕಥೆ ಪ್ರಾತ್‌ನ ಕಥೆಗೆ ತುಂಬಾ ಹತ್ತಿರ. ಖುಕ್ರಿಗೆ ದಿಯುವಿನಲ್ಲಿ ಸ್ಮಾರಕವಿದೆ, ಆದರೆ ದೇಶದ ಕ್ಯಾಲೆಂಡರಿನಲ್ಲಿ ಜಾಗ ಸಿಕ್ಕಿದ್ದು ಕರಾಚಿಗೆ. ಭಾರತಕ್ಕೆ 1971ರ ಗೆಲುವಿನ ಬಗ್ಗೆ ಸಂಕೋಚ ಇರಲಿಲ್ಲ. ಹಿಡಿದ ಭೂಮಿಯಲ್ಲಿ ಬಹುಪಾಲನ್ನು ಇಟ್ಟುಕೊಳ್ಳಲಿಲ್ಲ. ಚಿಲಿ ಇಟ್ಟುಕೊಂಡಿತು.

ಏನನ್ನು ಇಟ್ಟುಕೊಂಡಿತು ಎಂದು ನೋಡಿದರೆ ಮೇ 21ರ ಆಯ್ಕೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹೈಸ್ಕೂಲಿನ ರಸಾಯನಶಾಸ್ತ್ರದಲ್ಲಿ ಚಿಲಿ ಸಾಲ್ಟ್‌ಪೀಟರ್ ಅಂತ ಓದಿದ ನೆನಪಿರಬಹುದು. ಗೊಬ್ಬರಕ್ಕೂ ಸ್ಫೋಟಕಕ್ಕೂ ಬೇಕಾಗಿದ್ದ ನೈಟ್ರೇಟ್ ಅದು. ಅದಕ್ಕೂ ಹಿಂದೆ ಯುರೋಪಿನ ಮದ್ದುಗುಂಡಿಗೆ ಪೆಟ್ಲುಪ್ಪು ಹೋಗುತ್ತಿದ್ದದ್ದು ಬಹುಪಾಲು ನಮ್ಮ ಬಿಹಾರದಿಂದ. ಅಟಕಾಮಾ ಮರುಭೂಮಿಯಲ್ಲಿ ನೈಟ್ರೇಟ್ ನೆಲದಲ್ಲೇ ಸಿಕ್ಕಿದ ಮೇಲೆ ಬಿಹಾರದ ಮಹತ್ವ ಇಳಿಯಿತು. ತಮಾಷೆ ಎಂದರೆ ಚಿಲಿ ಸಾಲ್ಟ್‌ಪೀಟರ್‌ನ ದೊಡ್ಡ ನಿಕ್ಷೇಪಗಳು ಆಗ ಚಿಲಿಯಲ್ಲಿ ಇರಲೇ ಇಲ್ಲ. ತರಪಾಕಾ ಪೆರುವಿನದು, ಅಂತೋಫಗಾಸ್ತಾ ಬೊಲಿವಿಯಾದ್ದು.

ಅಂತೋಫಗಾಸ್ತಾದಲ್ಲಿ ಕೆಲಸಗಾರರೂ ಕಂಪನಿಯೂ ಬಹುಪಾಲು ಚಿಲಿಯವರು. ಚಿಲಿಯ ಕಂಪನಿಗಳ ಮೇಲೆ 25 ವರ್ಷ ತೆರಿಗೆ ಏರಿಸಲ್ಲ ಎಂದು ಬೊಲಿವಿಯಾ 1874ರ ಒಪ್ಪಂದದಲ್ಲಿ ಮಾತು ಕೊಟ್ಟಿತ್ತು. 1878ರಲ್ಲಿ ನೈಟ್ರೇಟ್‌ನ ಪ್ರತಿ ಕ್ವಿಂಟಾಲಿಗೆ 10 ಸೆಂಟಾವೊ ತೆರಿಗೆ ಹಾಕಿತು. ಕಂಪನಿ ಕೊಡಲ್ಲ ಎಂದಿತು, ಬೊಲಿವಿಯಾ ಅದರ ಆಸ್ತಿ ಹರಾಜು ಹಾಕಲು ಹೊರಟಿತು. 1879ರ ಫೆಬ್ರವರಿ 14ರಂದು ಚಿಲಿಯ ಸೈನಿಕರು ಅಂತೋಫಗಾಸ್ತಾದಲ್ಲಿ ಇಳಿದರು. ಪೆರುವಿಗೂ ಬೊಲಿವಿಯಾಕ್ಕೂ 1873ರಿಂದ ಗುಟ್ಟಿನ ಒಪ್ಪಂದವಿತ್ತು, ಹಾಗಾಗಿ ಪೆರುವೂ ಸಿಕ್ಕಿಕೊಂಡಿತು. ಹತ್ತು ಸೆಂಟಾವೊ ತೆರಿಗೆಯ ತಗಾದೆ ಮೂರು ದೇಶಗಳ ಯುದ್ಧವಾದದ್ದು ಹೀಗೆ.

ಯುದ್ಧ ಮುಗಿದಾಗ ತರಪಾಕಾ ಚಿಲಿಗೆ ಬಂತು. ಬೊಲಿವಿಯಾದ ಸುಮಾರು 400 ಕಿ.ಮೀ. ಕರಾವಳಿ ಪೂರ್ತಿ ಚಿಲಿಯ ವಶವಾಯಿತು. ನೈಟ್ರೇಟ್ ರಫ್ತಿನ ತೆರಿಗೆಯಿಂದಲೇ ಚಿಲಿ ಸರಕಾರ ದಶಕಗಟ್ಟಲೆ ನಡೆಯಿತು. ಲಾಭದ ದೊಡ್ಡ ಪಾಲು ಜಾನ್ ಥಾಮಸ್ ನಾರ್ತ್‌ನಂಥ ಇಂಗ್ಲಿಷ್ ವ್ಯಾಪಾರಿಗಳಿಗೂ ಹೋಯಿತು. ಆಮೇಲೆ ಜರ್ಮನರು ಗಾಳಿಯಲ್ಲಿರುವ ಸಾರಜನಕದಿಂದ ಅಮೋನಿಯಾ ಮಾಡುವುದನ್ನು ಕಂಡುಹಿಡಿದರು. 1913ರಲ್ಲಿ ಕಾರ್ಖಾನೆಯೂ ಶುರುವಾಯಿತು. ಅಟಕಾಮಾದ ನೈಟ್ರೇಟ್ ಊರುಗಳು ಒಂದೊಂದಾಗಿ ಖಾಲಿಯಾದವು. ಹಂಬರ್‌ಸ್ಟೋನ್ ಈಗ ಯುನೆಸ್ಕೊ ಪಟ್ಟಿಯಲ್ಲಿರುವ ಭಣಗುಟ್ಟುವ ಊರು. ಆದರೆ ಆ ನೆಲದಲ್ಲಿ ಚುಕಿಕಮಾತಾದ ತಾಮ್ರವಿತ್ತು. ಈಗ ಲಿಥಿಯಂ ಇದೆ. ಹಾಗಾಗಿ ಹಳೇ ಲೆಕ್ಕ ಯಾವತ್ತೂ ತಣ್ಣಗಾಗಲಿಲ್ಲ.

ಇದನ್ನೆಲ್ಲ ಕವಾಯತಿನಲ್ಲಿ ತೋರಿಸಲು ಆಗಲ್ಲ. ಲೀಮಾ ಹಿಡಿದ ದಿನವನ್ನು ಹಬ್ಬ ಮಾಡಿದರೆ ಲೂಟಿಯೂ ನೆನಪಾಗುತ್ತದೆ. ಆ ಸೇನೆ ಪೆರುವಿನ ರಾಷ್ಟ್ರೀಯ ಗ್ರಂಥಾಲಯದ ಪುಸ್ತಕಗಳನ್ನೂ ಹೊತ್ತು ತಂದಿತ್ತು. ಮೂರೂವರೆ ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ಚಿಲಿ ಹಿಂದಿರುಗಿಸಿದ್ದು 2007ರಲ್ಲಿ. ಪ್ರಾತ್‌ನ ಸಾವಿನಲ್ಲಿ ನೈಟ್ರೇಟ್ ಇಲ್ಲ, ಲೂಟಿ ಇಲ್ಲ, ತೆರಿಗೆಯ ಜಗಳ ಇಲ್ಲ. ಮೇ 21 ಚಿಲಿಗೆ ತನ್ನನ್ನು ದೊಡ್ಡ ಶತ್ರುವಿನ ಎದುರು ನಿಂತ ಚಿಕ್ಕ ದೇಶವಾಗಿ ಕಂಡುಕೊಳ್ಳಲು ಅವಕಾಶ ಕೊಡುತ್ತದೆ.

ಈಗ ಪೆರುವಿನ ಕಡೆಗೆ. ಹುವಾಸ್ಕರ್‌ನ ಕಪ್ತಾನ ಮಿಗೆಲ್ ಗ್ರಾವ್ ಎಸ್ಮೆರಾಲ್ಡಾ ಮುಳುಗಿದ ಕೂಡಲೇ ದೋಣಿ ಇಳಿಸಿ ನೀರಿನಲ್ಲಿದ್ದ ಶತ್ರುಗಳನ್ನು ಎತ್ತಿಸಿದ. ಜೂನ್ 2ರಂದು ಪ್ರಾತ್‌ನ ಹೆಂಡತಿ ಕಾರ್ಮೆಲಾ ಕಾರ್ವಾಹಲ್‌ಗೆ ಪತ್ರ ಬರೆದ. ನಿಮ್ಮ ಗಂಡ ತಮ್ಮ ಬಾವುಟಕ್ಕಾಗಿ ಅತಿ ಧೈರ್ಯ ಮಾಡಿ ಪ್ರಾಣ ಬಿಟ್ಟರು ಎಂದು ತಿಳಿಸಿ, ಅವನ ಕತ್ತಿಯನ್ನೂ ಮೈಮೇಲಿದ್ದ ಸಣ್ಣಪುಟ್ಟ ವಸ್ತುಗಳನ್ನೂ ಪಟ್ಟಿ ಮಾಡಿ ಕಳಿಸಿದ. ಆಕೆ ಆಗಸ್ಟ್‌ನಲ್ಲಿ ಗೌರವದಿಂದಲೇ ಉತ್ತರ ಬರೆದಳು. ಇದಾದ ಮೇಲೂ ಗ್ರಾವ್ ಸುಮ್ನೆ ಕೂರಲಿಲ್ಲ. ಒಂದೇ ಹಡಗು ಇಟ್ಟುಕೊಂಡು ನಾಲ್ಕೂವರೆ ತಿಂಗಳು ಚಿಲಿಯ ಕರಾವಳಿಯನ್ನು ಕಾಡಿದ. ಜುಲೈನಲ್ಲಿ ಕುದುರೆ ಸೈನಿಕರನ್ನು ಹೊತ್ತಿದ್ದ ರಿಮಾಕ್ ಹಡಗನ್ನೇ ಹಿಡಿದ. ಚಿಲಿಯಲ್ಲಿ ದೊಡ್ಡ ಗಲಾಟೆಯಾಗಿ ವಿಲಿಯಮ್ಸ್ ಕೆಲಸ ಹೋಯಿತು.

ಅಕ್ಟೋಬರ್ 8ರಂದು ಅಂಗಾಮೋಸ್ ಹತ್ತಿರ ಚಿಲಿಯ ಎರಡು ಕವಚದ ಹಡಗುಗಳು ಹುವಾಸ್ಕರನ್ನು ನಡುವೆ ಸಿಕ್ಕಿಸಿಕೊಂಡವು. ಒಂದು ಗುಂಡು ಗ್ರಾವ್ ನಿಂತಿದ್ದ ಕಮಾಂಡ್ ಗೋಪುರಕ್ಕೇ ಬಿತ್ತು. ದೇಹದಲ್ಲಿ ಉಳಿದದ್ದು ಸ್ವಲ್ಪವೇ. ಅವನ ನಂತರ ಆಜ್ಞೆ ವಹಿಸಿಕೊಂಡವರೂ ಒಬ್ಬರ ಹಿಂದೆ ಒಬ್ಬರು ಬಿದ್ದರು. ಉಳಿದವರು ಹಡಗನ್ನು ಮುಳುಗಿಸಲು ತಳದ ಕವಾಟ ತೆರೆದರು, ಅಷ್ಟರಲ್ಲಿ ಚಿಲಿಯವರು ಹತ್ತಿಬಿಟ್ಟರು. ಸಮುದ್ರ ಚಿಲಿಯ ಕೈಗೆ ಬಂತು. ಒಂದು ತಿಂಗಳೊಳಗೆ, ನವೆಂಬರ್ 2ರಂದು, ಅದರ ಸೇನೆ ಪಿಸಾಗ್ವಾದಲ್ಲಿ ಇಳಿಯಿತು.

ಪೆರುವಿನ ಸಂಸತ್ತಿನಲ್ಲಿ ಇವತ್ತಿಗೂ ಗ್ರಾವ್‌ಗೆ ಒಂದು ಆಸನ ಮೀಸಲು. ಅವನು ಪೈತಾ ಕ್ಷೇತ್ರದ ಸಂಸದನೂ ಆಗಿದ್ದ. ಹಾಜರಿ ಕೂಗುವಾಗ ಅವನ ಹೆಸರೂ ಕೂಗುತ್ತಾರೆ, ಸದಸ್ಯರು ಹಾಜರ್ ಎನ್ನುತ್ತಾರೆ. ಆ ಸಂಸತ್ತಿನ ಬಗ್ಗೆ ಪೆರುವಿನ ಜನರಿಗೆ ಇರುವ ಅಭಿಪ್ರಾಯ ನೋಡಿದರೆ, ಅಲ್ಲಿ ಎಲ್ಲರೂ ಒಪ್ಪುವ ಏಕೈಕ ಸದಸ್ಯ ಅವನೇ ಇರಬೇಕು.

ಗಮನಿಸಬೇಕಾದ ವಿಷಯ ಇಲ್ಲಿದೆ. ಪ್ರಾತ್ ಮತ್ತು ಗ್ರಾವ್ ಕಥೆಗಳು ಒಂದಕ್ಕೊಂದು ಹೊಂದುತ್ತವೆ. ಪ್ರಾತ್‌ನ ಕಥೆಯಲ್ಲಿ ಗ್ರಾವ್ ಸಜ್ಜನ, ಗ್ರಾವ್‌ನ ಕಥೆಯಲ್ಲಿ ಪ್ರಾತ್ ಶೂರ. ಎರಡೂ ನೌಕಾಪಡೆಗಳು ಮುಜುಗರವಿಲ್ಲದೆ ಇನ್ನೊಬ್ಬರ ವೀರನಿಗೆ ಸೆಲ್ಯೂಟ್ ಹೊಡೆಯಬಹುದು. ಗ್ರಾವ್‌ನ ಅಸ್ಥಿಯನ್ನು ಚಿಲಿ 1890ರಲ್ಲೇ ಪೆರುವಿಗೆ ಒಪ್ಪಿಸಿತು. ಹುವಾಸ್ಕರ್ ಈಗ ಚಿಲಿಯ ತಲ್ಕಹುವಾನೊ ಬಂದರಿನಲ್ಲಿ ತೇಲುವ ಮ್ಯೂಸಿಯಂ. ಅಲ್ಲಿ ಪ್ರಾತ್ ಸತ್ತ ಜಾಗಕ್ಕೂ ಗ್ರಾವ್ ಸತ್ತ ಜಾಗಕ್ಕೂ ಗುರುತಿದೆ. ಆ ಹಡಗನ್ನು ವಾಪಸ್ ಕೊಡಿ ಎಂಬ ಕೂಗು ಪೆರುವಿನಲ್ಲಿ ಆಗಾಗ ಏಳುತ್ತದೆ, ಅದು ನ್ಯಾಯವೇ. ಆದರೆ ಆ ಕೂಗು ಯುದ್ಧದ ಮಟ್ಟಕ್ಕೆ ಏರುವುದಿಲ್ಲ. ಪೆರು 2008ರಲ್ಲಿ ಸಮುದ್ರ ಗಡಿಯ ಮೊಕದ್ದಮೆಯನ್ನು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ದಿತು. 2014ರ ಜನವರಿ 27ರಂದು ತೀರ್ಪು ಬಂತು. ದಡದಿಂದ 80 ನಾಟಿಕಲ್ ಮೈಲಿವರೆಗೆ ಚಿಲಿ ಹೇಳಿದ ಗೆರೆ, ಅದರಾಚೆ ಪೆರುವಿಗೆ ಅನುಕೂಲವಾದ ಗೆರೆ. ಇಬ್ಬರೂ ಗೊಣಗಿಕೊಂಡು ಒಪ್ಪಿದರು.

ಬೊಲಿವಿಯಾದ ಕಥೆ ಹಾಗಲ್ಲ. ಅದರ ವೀರ ಎದುವಾರ್ದೊ ಅಬಾರೋವಾ. ಅವನು ಸೈನಿಕನೇ ಅಲ್ಲ, ಯುದ್ಧಕ್ಕೆ ತಾನಾಗಿ ಬಂದ ನಾಗರಿಕ. ಶರಣಾಗು ಎಂದ ಚಿಲಿಯ ಸೈನಿಕರಿಗೆ, ನಿಮ್ಮಜ್ಜಿಯನ್ನು ಶರಣಾಗಲು ಹೇಳಿ ಎಂದು ಬೈದು ಸತ್ತ ಅಂತ ಅಲ್ಲಿ ಪ್ರತಿ ಮಗುವೂ ಕಲಿಯುತ್ತದೆ. ಈ ಕಥೆಯಲ್ಲಿ ಪತ್ರವಿಲ್ಲ, ಕತ್ತಿ ಹಿಂದಿರುಗಿಸಿದವರಿಲ್ಲ. ಕಳೆದದ್ದು ಮಾತ್ರ ಇದೆ. ಸಮುದ್ರವಿಲ್ಲದ ಬೊಲಿವಿಯಾಕ್ಕೆ 1963ರಿಂದ ನೌಕಾಪಡೆ ಇದೆ, ತಿತಿಕಾಕಾ ಸರೋವರದಲ್ಲಿ ಅಭ್ಯಾಸ ಮಾಡುತ್ತದೆ. 2009ರ ಸಂವಿಧಾನದಲ್ಲೇ ಸಮುದ್ರದ ಹಕ್ಕು ಬಿಡುವುದಿಲ್ಲ ಎಂದು ಬರೆದುಕೊಂಡಿದ್ದಾರೆ. 2018ರ ಮಾರ್ಚ್‌ನಲ್ಲಿ ಹೆದ್ದಾರಿಯುದ್ದಕ್ಕೂ ಸುಮಾರು 200 ಕಿ.ಮೀ. ಉದ್ದದ ನೀಲಿ ಬಾವುಟ ಹಾಸಿದರು. ಅದೇ ವರ್ಷ ಅಕ್ಟೋಬರ್ 1ರಂದು ಹೇಗ್ ನ್ಯಾಯಾಲಯ 12–3 ಮತಗಳಿಂದ ಹೇಳಿತು: ಬೊಲಿವಿಯಾಕ್ಕೆ ಸಮುದ್ರ ಕೊಡುವ ಬಗ್ಗೆ ಮಾತುಕತೆ ನಡೆಸಲೇಬೇಕೆಂಬ ಕಾನೂನಿನ ಕಟ್ಟುಪಾಡು ಚಿಲಿಗಿಲ್ಲ.

ನೆನಪು ಎಷ್ಟು ದುಬಾರಿ ಎಂಬುದಕ್ಕೆ 2003 ನೋಡಿ. ಬೊಲಿವಿಯಾದ ನೈಸರ್ಗಿಕ ಅನಿಲವನ್ನು ಚಿಲಿಯ ಬಂದರಿನ ಮೂಲಕ ಹೊರಗೆ ಮಾರುವ ಯೋಜನೆ ಬಂತು. ಹತ್ತಿರದ ದಾರಿ ಅದೇ. ಜನ ಬೀದಿಗಿಳಿದರು. ಅನಿಲ ಅಗ್ಗಕ್ಕೆ ಹೋಗುತ್ತದೆ ಅನ್ನುವ ಸಿಟ್ಟೂ ಇತ್ತು, ಚಿಲಿಯ ಮೂಲಕ ಹೋಗುತ್ತದೆ ಅನ್ನುವುದು ಅದಕ್ಕೆ ತುಪ್ಪ ಸುರಿಯಿತು. ಹತ್ತಾರು ಜನ ಸತ್ತರು. ಅಕ್ಟೋಬರ್‌ನಲ್ಲಿ ಅಧ್ಯಕ್ಷ ಗೊನ್ಸಾಲೊ ಸಾಂಚೆಸ್ ದೆ ಲೊಸಾದ ರಾಜೀನಾಮೆ ಕೊಟ್ಟು ದೇಶ ಬಿಟ್ಟರು.

ಎಲ್ಲವನ್ನೂ ನೆನಪಿನ ಮೇಲೆ ಹಾಕುವುದೂ ಸರಿಯಲ್ಲ. ಪೆರುವಿನ ಗಡಿ 1929ರ ಒಪ್ಪಂದದಲ್ಲಿ ಬಗೆಹರಿಯಿತು: ತಕ್ನಾ ಪೆರುವಿಗೆ, ಅರಿಕಾ ಚಿಲಿಗೆ. ಅದರಲ್ಲೇ ಒಂದು ಗಂಟೂ ಇದೆ. ಆ ಜಾಗದಲ್ಲಿ ಏನನ್ನಾದರೂ ಮೂರನೆಯವರಿಗೆ ಕೊಡಬೇಕಾದರೆ ಇಬ್ಬರೂ ಒಪ್ಪಬೇಕು. 1975ರಲ್ಲಿ ಚಿಲಿಯ ಸರ್ವಾಧಿಕಾರಿ ಪಿನೊಚೆ ಬೊಲಿವಿಯಾಕ್ಕೆ ಅರಿಕಾದ ಉತ್ತರಕ್ಕೆ ಒಂದು ಪಟ್ಟಿ ಭೂಮಿ ಕೊಡುವ ಮಾತಾಡಿದಾಗ, ಅಲ್ಲಿ ಮೂರೂ ದೇಶಗಳ ಜಂಟಿ ಆಡಳಿತ ಇರಲಿ ಎಂದಿತು ಪೆರು. ಮಾತುಕತೆ ಬಿದ್ದುಹೋಯಿತು. 1978ರಲ್ಲಿ ಮುರಿದ ರಾಯಭಾರ ಸಂಬಂಧ ದಶಕಗಟ್ಟಲೆ ಸರಿಯಾಗಲಿಲ್ಲ.

ಚಿಲಿಯ ಒಳಗೂ ಮೇ 21 ಅಷ್ಟು ಸರಳವಾಗಿ ಉಳಿದಿಲ್ಲ. ಸಂಸತ್ತಿನ ಅಧಿವೇಶನ ಅಂದೇ ಶುರುವಾಗುತ್ತಿದ್ದುದರಿಂದ ಅಧ್ಯಕ್ಷರು ವರ್ಷದ ಲೆಕ್ಕ ಒಪ್ಪಿಸುವ ಭಾಷಣವೂ ಅಂದೇ ಇರುತ್ತಿತ್ತು. ಹಾಗಾಗಿ ಪ್ರತಿಭಟನೆಗೂ ಅದೇ ದಿನ. 2016ರಲ್ಲಿ ವಾಲ್ಪರೈಸೊದಲ್ಲಿ ಗಲಭೆಯ ನಡುವೆ ಒಂದು ಕಟ್ಟಡಕ್ಕೆ ಬೆಂಕಿ ಬಿದ್ದು ಒಳಗಿದ್ದ ವಯಸ್ಸಾದ ಕಾವಲುಗಾರರೊಬ್ಬರು ಸತ್ತರು. 2017ರಿಂದ ಭಾಷಣ ಜೂನ್ 1ಕ್ಕೆ ಹೋಯಿತು. ಎಸ್ಮೆರಾಲ್ಡಾದ ಹೆಸರಿಗೂ ಕಲೆ ಹತ್ತಿದೆ. ಅದೇ ಹೆಸರಿನ ಬಿಳಿ ಹಾಯಿಹಡಗಿನಲ್ಲಿ ಈಗ ನೌಕಾಪಡೆಯ ಕೆಡೆಟ್‌ಗಳು ತರಬೇತಿ ಪಡೆಯುತ್ತಾರೆ. 1973ರ ಸೇನಾ ದಂಗೆಯ ನಂತರ ಅದನ್ನು ಬಂಧಿತರಿಗೆ ಹಿಂಸೆ ಕೊಡುವ ಜಾಗವಾಗಿ ಬಳಸಿದ್ದರು. ಹೊರದೇಶದ ಬಂದರುಗಳಿಗೆ ಅದು ಹೋದಾಗ ಹಲವು ಕಡೆ ಪ್ರತಿಭಟನೆ ಎದುರಾಗಿದೆ.

ಇಕೀಕೆಗೆ ಇನ್ನೊಂದು ದಿನವೂ ಇದೆ. 1907ರ ಡಿಸೆಂಬರ್ 21. ನೈಟ್ರೇಟ್ ಗಣಿಗಳ ಕೂಲಿಗಳು ಮುಷ್ಕರ ಹೂಡಿ ಸಾಂತಾ ಮರಿಯಾ ಶಾಲೆಯಲ್ಲಿ ಸೇರಿದ್ದರು. ಚಿಲಿಯವರು, ಪೆರುವಿನವರು, ಬೊಲಿವಿಯಾದವರು, ಎಲ್ಲರೂ ಒಟ್ಟಿಗೆ. ನಮ್ಮ ಜನ ಹೊರಗೆ ಬನ್ನಿ ಎಂದು ಪೆರು, ಬೊಲಿವಿಯಾದ ಕಾನ್ಸಲ್‌ಗಳು ಕರೆದರು, ಅವರು ಜೊತೆಗಾರರನ್ನು ಬಿಟ್ಟು ಬರಲಿಲ್ಲ ಎನ್ನುತ್ತಾರೆ. ಚಿಲಿಯ ಸೇನೆ ಗುಂಡು ಹಾರಿಸಿತು. ಸತ್ತವರ ಸಂಖ್ಯೆ ಇಂದಿಗೂ ವಿವಾದದಲ್ಲಿದೆ. ಯುದ್ಧ ಯಾವ ನೆಲಕ್ಕಾಗಿ ನಡೆಯಿತೋ ಆ ನೆಲವನ್ನು ಅಗೆದವರು ಇವರು. ಈ ದಿನಕ್ಕೆ ಮೂರೂ ದೇಶಗಳಲ್ಲಿ ರಾಷ್ಟ್ರೀಯ ರಜೆ ಇಲ್ಲ.

ಹೊಸ ರಜೆಗಳು ಸೇರುತ್ತಿರುವುದು ಹಳೇ ದಾರಿಯಲ್ಲೇ. 1880ರ ಜೂನ್ 7ರಂದು ಚಿಲಿ ಅರಿಕಾ ಗುಡ್ಡವನ್ನು ಗೆದ್ದಿತು, ಪೆರುವಿನ ಕರ್ನಲ್ ಬೊಲೊಗ್ನೇಸಿ ಕೊನೆಯವರೆಗೆ ಹೋರಾಡಿ ಸತ್ತ. ಚಿಲಿ 2013ರಲ್ಲಿ ಅರಿಕಾ ಪ್ರಾಂತ್ಯಕ್ಕೆ ಜೂನ್ 7ರ ರಜೆ ಕೊಟ್ಟಿತು. ಪೆರುವಿನಲ್ಲಿ ಅದು ಬಹಳ ಹಿಂದಿನಿಂದಲೂ ಧ್ವಜ ದಿನ, ಈಚೆಗೆ ಇಡೀ ದೇಶಕ್ಕೆ ರಜೆಯೂ ಆಗಿದೆ. ಗಡಿಯ ಆಚೀಚೆ ಒಂದು ಗಂಟೆಯ ದಾರಿಯಲ್ಲಿರುವ ಎರಡು ಊರುಗಳು ಒಂದೇ ದಿನ ಬೇರೆಬೇರೆ ಕಾರಣಕ್ಕೆ ಅಂಗಡಿ ಮುಚ್ಚುತ್ತವೆ.

ಇಷ್ಟರ ನಡುವೆ ದಿನನಿತ್ಯದ ಸಮಸ್ಯೆಗಳು ಚಿಕ್ಕವು. 1904ರ ಒಪ್ಪಂದದ ಪ್ರಕಾರ ಬೊಲಿವಿಯಾದ ಸರಕು ಚಿಲಿಯ ಬಂದರುಗಳ ಮೂಲಕ ತೆರಿಗೆಯಿಲ್ಲದೆ ಹಾದುಹೋಗಬಹುದು. ಅದರ ಸಮುದ್ರ ವ್ಯಾಪಾರದ ದೊಡ್ಡ ಪಾಲು ಹೋಗುವುದು ಅರಿಕಾದಿಂದಲೇ. ಬಂದರಿನ ಶುಲ್ಕ ಎಷ್ಟು, ಗೋದಾಮಿನಲ್ಲಿ ಸರಕು ಎಷ್ಟು ದಿನ ಇಡಬಹುದು, ಗಡಿಯಲ್ಲಿ ಲಾರಿಗಳು ಎಷ್ಟು ಹೊತ್ತು ಕಾಯಬೇಕು ಎಂಬುದೇ ತಕರಾರು. ಇವು ಅಧಿಕಾರಿಗಳ ಮಟ್ಟದಲ್ಲಿ ಕೂತು ಮಾತಾಡಿದರೆ ಬಗೆಹರಿಯುವಂಥವು. ಆದರೆ ಸಾರ್ವಭೌಮ ಸಮುದ್ರ ಬೇಕು ಎಂದು ಪ್ರತಿ ಮಾರ್ಚ್‌ನಲ್ಲೂ ಹೇಳಬೇಕಾದ ಲಾ ಪಾಸ್‌ನ ಸರಕಾರಕ್ಕೆ, ಗೋದಾಮಿನ ಬಾಡಿಗೆ ಇಳಿಸಿಕೊಂಡು ಬಂದೆವು ಎಂದು ಹೇಳಿಕೊಳ್ಳುವುದು ಕಷ್ಟ. ಎರಡು ತಿಂಗಳಿಗೆ ಮೇ 21 ಎದುರಿಸಬೇಕಾದ ಸಾಂತಿಯಾಗೊದ ಸರಕಾರಕ್ಕೂ, ಅಷ್ಟನ್ನು ಬಿಟ್ಟುಕೊಟ್ಟೆವು ಎನ್ನುವುದು ಅಷ್ಟೇ ಕಷ್ಟ.